‘ಡೆತ್ ರೇಸ್’ ಮತ್ತು ಅದರ ಪ್ರೀಕ್ವೆಲ್: ಕಡಿಮೆ ದುಡ್ಡಿನ ಚಿತ್ರ ಎಲ್ಲಿ ಗೆದ್ದಿತು, ಎಲ್ಲಿ ಸೋತಿತು?

ಹಿಂದಿನ ಬೆಂಚು (ಚರ್ಚೆ ಆರಂಭಿಸಿದವರು)

2008ರಲ್ಲಿ ಚಿತ್ರಮಂದಿರಗಳಿಗೆ ಬಂದ ‘ಡೆತ್ ರೇಸ್’ ಚಿತ್ರವನ್ನೂ, ಅದರ ಪೂರ್ವಕಥೆ ಹೇಳಲೆಂದು 2010ರ ಕೊನೆಯಲ್ಲಿ ನೇರವಾಗಿ ಡಿವಿಡಿಗೆ ಇಳಿದ ‘ಡೆತ್ ರೇಸ್ 2’ ಚಿತ್ರವನ್ನೂ ಈ ಸಲ ಹಿಂದುಮುಂದಾಗಿ, ಎಂದರೆ ಕಥೆಯ ಕಾಲಕ್ರಮದಲ್ಲಿ, ನೋಡಿದೆ. ಪ್ರೀಕ್ವೆಲ್ ಬಗ್ಗೆ ಎಲ್ಲ ಕಡೆ ಕೇಳಿಬರುವ ‘ಅಗ್ಗದ ನಕಲು’ ಎಂಬ ತೀರ್ಪು ಅರ್ಧಕ್ಕೆ ಮಾತ್ರ ಸಲ್ಲುತ್ತದೆ. ಅದರ ಉತ್ತರಾರ್ಧ ನಿಜಕ್ಕೂ ನಕಲು. ಪೂರ್ವಾರ್ಧದಲ್ಲಿ ಮಾತ್ರ ಮೂಲಚಿತ್ರ ಕೈಹಾಕದ ಒಂದು ಕೆಲಸವನ್ನು ಅದು ಮಾಡುತ್ತದೆ, ಅದನ್ನೂ ಕೈಯಲ್ಲಿ ಹಣವಿಲ್ಲದ ಕಾರಣಕ್ಕೇ ಮಾಡುತ್ತದೆ ಎಂಬುದು ನನ್ನ ವಾದ. ಮುಂದೆ ಕಥೆಯ ಗುಟ್ಟುಗಳೆಲ್ಲ ಬಯಲಾಗುವುದರಿಂದ ಇವೆರಡನ್ನೂ ನೋಡದವರು ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು.

ಮೂಲಚಿತ್ರದ ಹಂದರ ಎಲ್ಲರಿಗೂ ಗೊತ್ತಿರುವಂಥದು. ಅಮೆರಿಕದ ಅರ್ಥವ್ಯವಸ್ಥೆ 2012ರಲ್ಲಿ ಕುಸಿದುಬೀಳುತ್ತದೆ, ಸೆರೆಮನೆಗಳು ಖಾಸಗಿ ಕಂಪನಿಗಳ ಕೈಸೇರುತ್ತವೆ, ಟರ್ಮಿನಲ್ ಐಲೆಂಡ್ ಎಂಬ ದ್ವೀಪದ ಜೈಲಿನಲ್ಲಿ ಕೈದಿಗಳು ಶಸ್ತ್ರಸಜ್ಜಿತ ಕಾರುಗಳಲ್ಲಿ ಮೂರು ದಿನ ಸೆಣಸುತ್ತಾರೆ, ಹಣ ತೆತ್ತವರು ಅದನ್ನು ಮನೆಯಲ್ಲೇ ಕೂತು ನೋಡುತ್ತಾರೆ. ಐದು ರೇಸ್ ಗೆದ್ದವನಿಗೆ ಬಿಡುಗಡೆ. ಹೆಂಡತಿಯನ್ನು ಕೊಂದ ಸುಳ್ಳು ಆರೋಪದ ಮೇಲೆ ಒಳಬಂದ ಜೆನ್ಸನ್ ಏಮ್ಸ್, ಸತ್ತುಹೋದ ಜನಪ್ರಿಯ ಚಾಲಕ ಫ್ರಾಂಕೆನ್‌ಸ್ಟೈನ್‌ನ ಮುಖವಾಡ ತೊಟ್ಟು ಅವನ ಜಾಗದಲ್ಲಿ ಓಡಬೇಕಾಗುತ್ತದೆ. ಪಾಲ್ ಡಬ್ಲ್ಯೂ. ಎಸ್. ಆಂಡರ್ಸನ್ ಅವರ ನಿರ್ದೇಶನ, ಜೇಸನ್ ಸ್ಟೇಥಮ್ ಅವರ ನಾಯಕತ್ವ, ಸುಮಾರು 4.5 ಕೋಟಿ ಡಾಲರ್ ಬಂಡವಾಳ ಇದ್ದ ಚಿತ್ರ ಅದು. ಪ್ರೀಕ್ವೆಲ್‌ಗೆ ಆಂಡರ್ಸನ್ ಕಥೆ ಮತ್ತು ನಿರ್ಮಾಣದ ಮಟ್ಟಿಗೆ ಮಾತ್ರ ಜೊತೆಗೂಡಿದರು. ಡಚ್ ನಿರ್ದೇಶಕ ರೋಯಲ್ ರೈನೆ ದಕ್ಷಿಣ ಆಫ್ರಿಕದಲ್ಲಿ, ಮೂಲದ ಸಣ್ಣದೊಂದು ಪಾಲಿನಷ್ಟು ಹಣದಲ್ಲಿ ಅದನ್ನು ಮುಗಿಸಿದರು. ಇದರಲ್ಲಿ ಲ್ಯೂಕ್ ಗಾಸ್ ಅಭಿನಯಿಸಿರುವ ಕಾರ್ಲ್ ಲೂಕಾಸ್ ಎಂಬ ಕಾರು ಓಡಿಸುವ ಕಳ್ಳ, ಬ್ಯಾಂಕ್ ದರೋಡೆಯೊಂದು ಕೆಟ್ಟು ಪೊಲೀಸನೊಬ್ಬನನ್ನು ಕೊಂದು ಒಳಬಂದು, ಕಡೆಗೆ ಮೊದಲ ಫ್ರಾಂಕೆನ್‌ಸ್ಟೈನ್ ಆಗುತ್ತಾನೆ.

ನನ್ನ ಗಮನ ಸೆಳೆದದ್ದು ಒಂದು ಚಿಕ್ಕ ಸಂಗತಿ. ಮೂಲಚಿತ್ರದ ರೇಸ್ ಹಾದಿಯಲ್ಲಿ ನೆಲಕ್ಕೆ ಹುದುಗಿಸಿದ ಫಲಕಗಳಿರುತ್ತವೆ. ಖಡ್ಗದ ಚಿಹ್ನೆಯ ಮೇಲೆ ಕಾರು ಹರಿದರೆ ಬಂದೂಕುಗಳು ಜೀವ ಪಡೆಯುತ್ತವೆ, ಗುರಾಣಿಯ ಮೇಲೆ ಹರಿದರೆ ಹೊಗೆ, ಎಣ್ಣೆ ಮುಂತಾದ ರಕ್ಷಣೆಯ ಸಾಧನಗಳು ಕೆಲಸಕ್ಕೆ ಬರುತ್ತವೆ, ತಲೆಬುರುಡೆಯ ಮೇಲೆ ಹರಿದವನ ಕಥೆ ಮುಗಿಯಿತು. ಮೊದಲ ಸಲ ನೋಡಿದಾಗ ಇದು ವಿಡಿಯೊ ಗೇಮಿನಿಂದ ಎತ್ತಿಕೊಂಡು ಬಂದ ಸಲಕರಣೆಯಂತೆ ಕಾಣುತ್ತದೆ. ಪ್ರೀಕ್ವೆಲ್‌ನಲ್ಲಿ ಕಾರುಗಳು ಬರುವ ಮೊದಲು ‘ಡೆತ್ ಮ್ಯಾಚ್’ ಎಂಬ ಕಾಳಗ ನಡೆಯುತ್ತಿರುತ್ತದೆ. ಇಬ್ಬರು ಕೈದಿಗಳು ಅಖಾಡಕ್ಕೆ ಇಳಿಯುತ್ತಾರೆ; ಅಲ್ಲಿಯೂ ನೆಲದ ಫಲಕವನ್ನು ಯಾರು ಮೊದಲು ಮೆಟ್ಟುತ್ತಾರೋ ಅವರಿಗೆ ಆಯುಧ. ಅದೇ ಸಲಕರಣೆ, ಆದರೆ ಇಲ್ಲಿ ಕಾರಿನ ಚಕ್ರದ ಬದಲು ಮನುಷ್ಯನ ಪಾದ. ರೇಸ್ ಎಂಬುದು ಯಾರದೋ ತಲೆಯಲ್ಲಿ ಇದ್ದಕ್ಕಿದ್ದಂತೆ ಹೊಳೆದ ಆಟವಲ್ಲ, ಚಂದಾದಾರರು ಕಡಿಮೆಯಾದಾಗಲೆಲ್ಲ ಹಳೆಯ ಸರಕಿಗೆ ಹೊಸ ಹೊದಿಕೆ ಹಾಕುವ ವ್ಯಾಪಾರದ ಮುಂದಿನ ಮಜಲು ಎಂಬುದನ್ನು ಆ ಫಲಕಗಳು ಮಾತಿಲ್ಲದೆ ಹೇಳುತ್ತವೆ. ಮೂಲಚಿತ್ರಕ್ಕೆ ಈ ಇತಿಹಾಸ ಬೇಕಿರಲಿಲ್ಲ, ಏಕೆಂದರೆ ಅದರ ಬಳಿ ಓಡಿಸಲು ಕಾರುಗಳಿದ್ದವು. ಒಂದು ಗಂಟೆಯ ಹೊತ್ತು ಕಾರುಗಳನ್ನು ದೂರವಿಟ್ಟು ಪ್ರೇಕ್ಷಕರನ್ನು ಹಿಡಿದಿಡಬೇಕಾದ ಚಿತ್ರಕ್ಕೆ ಮಾತ್ರ ಅದರ ಅಗತ್ಯ ಬಿತ್ತು.

ಹಾಗಾಗಿ ನನ್ನ ಪ್ರಶ್ನೆ ಇಷ್ಟೆ. ಪೂರ್ವಕಥೆಯಾಗಿ ಇದು ಹೇಳಬೇಕಿದ್ದದ್ದು ಮುಖವಾಡದೊಳಗಿನ ಮನುಷ್ಯನ ಕಥೆಯನ್ನೋ, ಮುಖವಾಡ ಮಾಡಿಸಿದವರ ಕಥೆಯನ್ನೋ? ಎರಡನೆಯದನ್ನು ಹೇಳುವಷ್ಟು ಹೊತ್ತು ಚಿತ್ರ ಗೆಲ್ಲುತ್ತದೆ, ಮೊದಲನೆಯದಕ್ಕೆ ತಿರುಗಿದೊಡನೆ ಸೋಲುತ್ತದೆ ಎನ್ನುತ್ತೇನೆ.

ಪಿಟ್ ಲೇನ್

ಹಿಂದಿನ ಬೆಂಚಿನವರೇ, ಫಲಕಗಳ ಬಗ್ಗೆ ನೀವು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಅದಕ್ಕಾಗಿ ನಾವು ತೆತ್ತ ಬೆಲೆ ದೊಡ್ಡದು. ಮೂಲಚಿತ್ರದ ಮೊದಲ ಕೆಲವು ನಿಮಿಷಗಳನ್ನು ನೆನಪಿಸಿಕೊಳ್ಳಿ. ಫ್ರಾಂಕೆನ್‌ಸ್ಟೈನ್ ಓಡಿಸುತ್ತಿದ್ದಾನೆ, ಹಿಂದೆ ಎದುರಾಳಿ ಚಾಲಕ ಮಷೀನ್ ಗನ್ ಜೋ ಬೆನ್ನಟ್ಟಿದ್ದಾನೆ, ರಕ್ಷಣೆಯ ಸಾಧನಗಳು ಕೈಕೊಟ್ಟಿವೆ. ಪಕ್ಕದಲ್ಲಿ ಕೂತು ದಾರಿ ಹೇಳುವ ಕೇಸ್‌ಳನ್ನು ಕಾರಿನಿಂದ ಮೇಲಕ್ಕೆ ಚಿಮ್ಮಿಸಿ ಉಳಿಸಿ, ತಾನು ಮಾತ್ರ ಒಳಗೇ ಉಳಿಯುತ್ತಾನೆ. ಅವನ ಮುಖ ನಮಗೆ ಕಾಣುವುದಿಲ್ಲ. ಕೇಳಿಸುವುದು ಡೇವಿಡ್ ಕ್ಯಾರಡೀನ್ ಅವರ ದನಿ ಮಾತ್ರ, ಆ ದನಿಯೇ ಈ ಕಥೆಯ ಬೇರಾದ 1975ರ ‘ಡೆತ್ ರೇಸ್ 2000’ ಚಿತ್ರದ ಫ್ರಾಂಕೆನ್‌ಸ್ಟೈನ್‌ನದು ಎಂದು ಬಲ್ಲವರಿಗೆ ಅದೊಂದು ನಮಸ್ಕಾರ. ಯಾರು, ಎಲ್ಲಿಯವನು, ಯಾವ ತಪ್ಪಿಗೆ ಒಳಬಂದ ಎಂಬ ಯಾವ ವಿವರವೂ ಇಲ್ಲ. ಆ ಖಾಲಿಯೇ ಕಥೆಯ ಬಂಡವಾಳ: ಮುಖ ಇಲ್ಲದ್ದರಿಂದಲೇ ಆ ಜಾಗಕ್ಕೆ ಏಮ್ಸ್‌ನನ್ನು ಕೂರಿಸಬಹುದು.

ಪ್ರೀಕ್ವೆಲ್ ಆ ಖಾಲಿಯನ್ನು ತುಂಬಿಬಿಡುತ್ತದೆ. ಈಗ ಅವನಿಗೆ ಕಾರ್ಲ್ ಲೂಕಾಸ್ ಎಂಬ ಹೆಸರಿದೆ, ಮಾರ್ಕಸ್ ಕೇನ್ ಎಂಬ ಹಳೆಯ ಯಜಮಾನನಿದ್ದಾನೆ, ಆ ಯಜಮಾನ ಲೂಕಾಸ್‌ನ ತಲೆಗೆ ಹತ್ತು ಲಕ್ಷ ಡಾಲರ್ ಬೆಲೆ ಕಟ್ಟಿದ್ದಾನೆ, ಕಟ್ರಿನಾ ಎಂಬ ಪ್ರಿಯತಮೆಯಿದ್ದಾಳೆ. ಇಷ್ಟೆಲ್ಲ ತಿಳಿದ ಮೇಲೆ ಮೂಲಚಿತ್ರಕ್ಕೆ ಹಿಂದಿರುಗಿದರೆ ಆ ಆರಂಭದ ದೃಶ್ಯ ಬೇರೆಯೇ ಆಗಿ ಕಾಣುತ್ತದೆ, ಅದೂ ಕಡಿಮೆಯಾಗಿ. ಪ್ರೀಕ್ವೆಲ್ ಎಂಬ ಪ್ರಕಾರದ ಮೂಲ ಕಾಯಿಲೆಯೇ ಇದು. ಪ್ರೇಕ್ಷಕರು ಕೇಳದ ಪ್ರಶ್ನೆಗೆ ಉತ್ತರ ಹೇಳುವ ಉತ್ಸಾಹದಲ್ಲಿ, ಕೇಳಿಕೊಂಡು ಖುಷಿಪಡುತ್ತಿದ್ದ ಪ್ರಶ್ನೆಯನ್ನೂ ಅದು ಅಳಿಸಿಹಾಕುತ್ತದೆ.

ಸಂಕಲನ ಕೊಠಡಿ

ಕಥೆಯ ಮಾತು ನೀವಿಬ್ಬರೂ ಆಡಿಕೊಳ್ಳಿ. ಸಾಹಸ ಚಿತ್ರವೆಂದ ಮೇಲೆ ಸಾಹಸವನ್ನು ಹೇಗೆ ಚಿತ್ರಿಸಿದ್ದಾರೆ ಎಂಬುದನ್ನು ಬಿಟ್ಟು ಮಾತಾಡುವುದು ನನಗೆ ಒಗ್ಗುವುದಿಲ್ಲ.

ಮೂಲಚಿತ್ರವನ್ನು ಕೆನಡಾದ ಮಾಂಟ್ರಿಯಲ್‌ನಲ್ಲಿ ಚಿತ್ರಿಸಲಾಯಿತು. ಕಂಪ್ಯೂಟರ್ ಗ್ರಾಫಿಕ್ಸ್ ನೆರವನ್ನು ಆದಷ್ಟು ಕಡಿಮೆ ಮಾಡಿ, ನಿಜವಾದ ಕಾರುಗಳನ್ನೇ ಓಡಿಸಿ, ನಿಜವಾಗಿಯೇ ಡಿಕ್ಕಿ ಹೊಡೆಸಬೇಕೆಂಬುದು ಆಂಡರ್ಸನ್ ಅವರ ಹಟವಾಗಿತ್ತು. ಫ್ರಾಂಕೆನ್‌ಸ್ಟೈನ್‌ನ ಫೋರ್ಡ್ ಮಸ್ಟ್ಯಾಂಗ್ ಹಿಂಬದಿಯಲ್ಲಿ ‘ಗೋರಿಕಲ್ಲು’ ಎಂದು ಕರೆಯುವ ದಪ್ಪ ಉಕ್ಕಿನ ಹಲಗೆಯೊಂದನ್ನು ಹೊತ್ತಿರುತ್ತದೆ. ಗುಂಡುಗಳು ಅದಕ್ಕೆ ಬಡಿದಾಗ ಕಾರು ತುಸು ಕುಸಿದು ಏಳುವುದು ಕಣ್ಣಿಗೆ ಕಾಣುತ್ತದೆ. ತೂಕ ಇದೆ ಎಂದು ಹೇಳಬೇಕಾಗಿಯೇ ಇಲ್ಲ. ಎರಡನೆಯ ದಿನದ ಓಟದಲ್ಲಿ ಬರುವ ‘ಡ್ರೆಡ್‌ನಾಟ್’ ಎಂಬ ದೈತ್ಯ ಟ್ರಕ್ ಪಲ್ಟಿಯಾಗುವ ಶಾಟ್ ಒಂದೇ ಸಾಕು, ಇಡೀ ಪ್ರೀಕ್ವೆಲ್‌ನಲ್ಲಿ ಅದರ ಹತ್ತಿರ ಸುಳಿಯುವಂಥದು ಒಂದೂ ಇಲ್ಲ. ಹಾಗೆಂದು ಮೂಲಚಿತ್ರದ ಸಂಕಲನ ಉತ್ತಮವೆಂದು ನಾನು ಹೇಳಲಾರೆ. ಕಣ್ಣು ನೆಲೆ ನಿಲ್ಲುವಷ್ಟರಲ್ಲಿ ಶಾಟ್ ಬದಲಾಗುತ್ತದೆ, ಕ್ಯಾಮೆರಾ ಅಲುಗುತ್ತಲೇ ಇರುತ್ತದೆ, ಯಾವ ಕಾರು ಯಾವುದರ ಹಿಂದಿದೆ ಎಂಬುದು ಎಷ್ಟೋ ಸಲ ತಿಳಿಯದೆ ಹೋಗುತ್ತದೆ. ಅಷ್ಟು ದುಡ್ಡು ಸುರಿದು ಒಡೆದ ಕಾರುಗಳನ್ನು ಸರಿಯಾಗಿ ತೋರಿಸದೆ ಇದ್ದದ್ದು ನನಗೆ ಇಂದಿಗೂ ಬೇಸರದ ವಿಷಯ.

ರೈನೆ ಪ್ರೀಕ್ವೆಲ್‌ನಲ್ಲಿ ನಿರ್ದೇಶನದ ಜೊತೆಗೆ ಛಾಯಾಗ್ರಹಣವನ್ನೂ ತಾವೇ ನಿಭಾಯಿಸಿದ್ದಾರೆ. ನೇರವಾಗಿ ಡಿವಿಡಿಗೆ ಹೋಗುವ ಚಿತ್ರಗಳಲ್ಲಿ ಇದು ಕೇವಲ ಹಣ ಉಳಿಸುವ ಉಪಾಯವಲ್ಲ, ಸಮಯ ಉಳಿಸುವ ಉಪಾಯವೂ ಹೌದು. ನಿರ್ದೇಶಕ ಏನು ಬೇಕೆಂದು ಛಾಯಾಗ್ರಾಹಕನಿಗೆ ವಿವರಿಸುವ ಹೊತ್ತು ಉಳಿಯುತ್ತದೆ, ಚಿತ್ರೀಕರಣದ ದಿನಗಳು ಕಡಿಮೆ ಇದ್ದಾಗ ಅದೇ ದೊಡ್ಡ ಗಳಿಕೆ. ಅದರ ಫಲ ಅಖಾಡದ ಕಾಳಗಗಳಲ್ಲಿ ಕಾಣುತ್ತದೆ. ಒಂದೇ ಜಾಗ, ಇಬ್ಬರು ನಟರು, ಸುತ್ತ ಕೂಗುವ ಕೈದಿಗಳು. ಬೆಳಕನ್ನು ಒಮ್ಮೆ ಹೊಂದಿಸಿಕೊಂಡರೆ ಇಡೀ ದಿನ ಚಿತ್ರಿಸಬಹುದು. ಹಾಗಾಗಿ ಹೊಡೆತ ಯಾರದು, ಬಿದ್ದದ್ದು ಯಾರ ಮೇಲೆ ಎಂಬುದು ಇಲ್ಲಿ ಮೂಲಚಿತ್ರಕ್ಕಿಂತ ಸ್ಪಷ್ಟವಾಗಿದೆ.

ಕಾರುಗಳು ಬಂದ ಮೇಲೆ ಇದೇ ಉಪಾಯ ಮುಳುವಾಗುತ್ತದೆ. ರೇಸ್ ದೃಶ್ಯಕ್ಕೆ ಉದ್ದದ ಹಾದಿ ಬೇಕು, ಅದರ ತಿರುವುಗಳು ನೋಡುವವರಿಗೆ ಪರಿಚಿತವಾಗಬೇಕು, ಒಡೆದುಹಾಕಲು ಒಂದೇ ಕಾರಿನ ನಾಲ್ಕಾರು ಪ್ರತಿಗಳಿರಬೇಕು. ಅವಿಲ್ಲದಾಗ ಸಂಕಲನಕಾರರಿಗೆ ಉಳಿಯುವ ದಾರಿ ಮೂರೇ: ಚಾಲಕನ ಮುಖ, ಗೇರ್ ಹಿಡಿದ ಕೈ, ನಿಧಾನಗತಿಯಲ್ಲಿ ಏಳುವ ಬೆಂಕಿ. ಪ್ರೀಕ್ವೆಲ್‌ನ ಓಟಗಳಲ್ಲಿ ಇವು ಸರದಿಯಂತೆ ಬರುತ್ತವೆ. ಮೂಲಚಿತ್ರದ ದೋಷ ಕಡಿಮೆ ತೋರಿಸಿದ್ದಾದರೆ, ಇದರ ದೋಷ ತೋರಿಸಲು ಹೆಚ್ಚೇನೂ ಇಲ್ಲದ್ದು.

ಮ್ಯಾಟಿನಿ

ನಟವರ್ಗದ ಬಗ್ಗೆಯೂ ಒಂದು ಮಾತು. ಶಾನ್ ಬೀನ್, ವಿಂಗ್ ರೇಮ್ಸ್, ಡ್ಯಾನಿ ಟ್ರೆಹೊ ಎಂಬ ಮೂರು ಹೆಸರುಗಳು ಡಿವಿಡಿ ಪೆಟ್ಟಿಗೆಯ ಮೇಲೆ ಇರಲೇಬೇಕಿತ್ತು ಎಂಬುದು ಗೊತ್ತಾಗುತ್ತದೆ. ಬೀನ್ ಅವರ ಮಾರ್ಕಸ್ ಕೇನ್ ಪಾತ್ರ ಜೈಲಿನ ಹೊರಗೆ, ರೇಮ್ಸ್ ಅವರ ಪಾತ್ರ ಕಂಪನಿಯ ಮಾಲೀಕನಾಗಿ ಜೈಲಿನ ಗದ್ದಲದಿಂದ ದೂರ. ದೊಡ್ಡ ನಟರನ್ನು ಕೆಲವೇ ದಿನ ಕರೆಸಿ, ಅವರ ದೃಶ್ಯಗಳನ್ನು ಪ್ರತ್ಯೇಕವಾಗಿ ಮುಗಿಸಿಕೊಳ್ಳುವುದು ಇಂಥ ಚಿತ್ರಗಳ ರೂಢಿ, ಚಿತ್ರಕಥೆಯನ್ನೇ ಅದಕ್ಕೆ ಹೊಂದುವಂತೆ ಬರೆಯುತ್ತಾರೆ. ಇದನ್ನು ದೋಷವೆಂದು ಹೇಳುತ್ತಿಲ್ಲ. ಬೆಲೆ ಕಟ್ಟಿದವನು ಎಲ್ಲೋ ಕೂತು ಫೋನಿನಲ್ಲಿ ಆಜ್ಞೆ ಮಾಡುವುದರಿಂದ ಕಥೆಗೆ ಲಾಭವೂ ಆಗಿದೆ. ಗಾಸ್ ಅವರು ಸ್ಟೇಥಮ್‌ಗಿಂತ ಕಡಿಮೆ ಮಾತಾಡುತ್ತಾರೆ, ಮುಖದಲ್ಲಿ ದಣಿವು ಹೆಚ್ಚು. ಬಿಡುಗಡೆಯ ಆಸೆಯನ್ನೇ ಬಿಟ್ಟಿರುವವನ ಪಾತ್ರಕ್ಕೆ ಅದು ಹೊಂದುತ್ತದೆ. ‘ಲಿಸ್ಟ್ಸ್’ ಪಾತ್ರದ ಫ್ರೆಡರಿಕ್ ಕೋಲರ್ ಮತ್ತು ‘14ಕೆ’ ಪಾತ್ರದ ರಾಬಿನ್ ಶೂ ಎರಡರಲ್ಲಿಯೂ ಇರುವುದರಿಂದ ಇದು ಅದೇ ಜೈಲು ಎಂದು ನಂಬಲು ಅನುಕೂಲವಾಯಿತು.

ಹಿಂದಿನ ಬೆಂಚು

ಸಂಕಲನ ಕೊಠಡಿಯವರ ವಿಶ್ಲೇಷಣೆಗೆ ನಾನು ಸೇರಿಸುವುದೇನೂ ಇಲ್ಲ. ಅಖಾಡದಲ್ಲಿ ಸ್ಪಷ್ಟತೆ, ಹಾದಿಯಲ್ಲಿ ಬಡತನ ಎಂಬುದು ನನ್ನ ಪೂರ್ವಾರ್ಧ-ಉತ್ತರಾರ್ಧ ವಾದಕ್ಕೆ ನಾನು ಯೋಚಿಸದಿದ್ದ ಆಧಾರ ಒದಗಿಸಿದೆ.

ಪಿಟ್ ಲೇನ್ ಅವರೇ, ನಿಮ್ಮ ಆಕ್ಷೇಪ ಗಟ್ಟಿಯಾದದ್ದು. ಆದರೂ ಒಂದು ಪ್ರಶ್ನೆ. ಲೂಕಾಸ್ ಮುಖವಾಡ ತೊಡುವುದು ಚಿತ್ರದ ಕೊನೆಯಲ್ಲಿ, ಅದೂ ತಾನಾಗಿ ಆರಿಸಿಕೊಂಡದ್ದಲ್ಲ. ಸುಟ್ಟು ಗುರುತು ಸಿಗದಂತಾದವನನ್ನು ಸಾಯಲು ಬಿಡುವುದಕ್ಕಿಂತ ಹೊಸ ಹೆಸರಿನಲ್ಲಿ ಓಡಿಸಿದರೆ ಲಾಭವೆಂದು ಕಾರ್ಯಕ್ರಮ ನಡೆಸುವ ಸೆಪ್ಟೆಂಬರ್ ಜೋನ್ಸ್‌ಗೆ ಹೊಳೆಯುತ್ತದೆ. ಮೂಲಚಿತ್ರದಲ್ಲಿ ವಾರ್ಡನ್ ಹೆನೆಸ್ಸಿ ಏಮ್ಸ್‌ಗೆ ಇದೇ ವ್ಯಾಪಾರವನ್ನು ಮುಂದಿಡುತ್ತಾಳೆ: ಫ್ರಾಂಕೆನ್‌ಸ್ಟೈನ್ ನಾಲ್ಕು ಗೆದ್ದಿದ್ದಾನೆ, ಅವನ ಹೆಸರಿನಲ್ಲಿ ನೀನು ಇನ್ನೊಂದು ಗೆದ್ದರೆ ಮನೆಗೆ ಹೋಗು. ಅಂದರೆ ಮುಖವಾಡ ಮೊದಲ ದಿನದಿಂದಲೂ ಕಂಪನಿಯ ಸ್ವತ್ತು. ಆ ಒಂದು ವಿಷಯವನ್ನು ಸ್ಥಾಪಿಸುವುದಕ್ಕೆ ಮನುಷ್ಯನ ಕಥೆ ತುಸು ಬೇಕಿತ್ತಲ್ಲವೆ? ಪ್ರಿಯತಮೆ, ಹಳೆಯ ಯಜಮಾನ, ಸೇಡು ಇವೆಲ್ಲ ಅನಗತ್ಯವೆಂಬುದನ್ನು ಮಾತ್ರ ನಿಮ್ಮಷ್ಟೇ ಬಲವಾಗಿ ಹೇಳುತ್ತೇನೆ.

ಹಳೆ ರೀಲು

ಎಲ್ಲರೂ 2008ರ ಚಿತ್ರವನ್ನು ‘ಮೂಲ’ ಎಂದು ಕರೆಯುತ್ತಿರುವುದರಿಂದ ಹೇಳಬೇಕಾಗಿದೆ: ಅದರ ಬೇರು 1975ರ ‘ಡೆತ್ ರೇಸ್ 2000’ ಚಿತ್ರದಲ್ಲಿದೆ. ರೋಜರ್ ಕೊರ್ಮನ್ ನಿರ್ಮಾಣ, ಪಾಲ್ ಬಾರ್ಟೆಲ್ ನಿರ್ದೇಶನ, ಇಬ್ ಮೆಲ್ಕಿಯರ್ ಅವರ ಸಣ್ಣಕಥೆಯ ಆಧಾರ. ಅದರಲ್ಲಿ ಕ್ಯಾರಡೀನ್ ಫ್ರಾಂಕೆನ್‌ಸ್ಟೈನ್, ಇನ್ನೂ ಹೆಸರು ಮಾಡದಿದ್ದ ಸಿಲ್ವೆಸ್ಟರ್ ಸ್ಟಲೋನ್ ಮಷೀನ್ ಗನ್ ಜೋ. ದೇಶದ ಒಂದು ಕಡಲಿನಿಂದ ಇನ್ನೊಂದು ಕಡಲಿಗೆ ಓಟ, ದಾರಿಹೋಕರನ್ನು ಹೊಡೆದುರುಳಿಸಿದರೆ ಅಂಕ. ಕೊರ್ಮನ್ ಅವರ ಇತರ ಚಿತ್ರಗಳಂತೆ ಅದೂ ಬಿಡಿಗಾಸಿನಲ್ಲಿ ಮುಗಿಸಿದ್ದು. ಎಂದ ಮೇಲೆ ಈ ಸರಣಿಯಲ್ಲಿ ಕಡಿಮೆ ಬಜೆಟ್ ಎಂಬುದು ಪ್ರೀಕ್ವೆಲ್‌ಗೆ ಅಂಟಿದ ಕಳಂಕವಲ್ಲ, ವಂಶದ ಗುಣ. ನಡುವೆ ದುಡ್ಡು ಕಂಡದ್ದು 2008ರ ಚಿತ್ರವೊಂದೇ.

ಈ ಚರ್ಚೆಗೆ ಸಲ್ಲುವ ಇನ್ನೊಂದು ಸಂಗತಿ ಅದರಲ್ಲಿದೆ. 1975ರ ಫ್ರಾಂಕೆನ್‌ಸ್ಟೈನ್ ಮುಖವಾಡ ತೆಗೆದಾಗ ಒಳಗೆ ಗಾಯಗಳೇ ಇಲ್ಲ. ತಾನು ಈ ಹೆಸರಿನವರಲ್ಲಿ ಮೊದಲಿಗನಲ್ಲ, ಒಬ್ಬ ಸವೆದುಹೋದರೆ ಇನ್ನೊಬ್ಬನನ್ನು ತಂದು ಕೂರಿಸುತ್ತಾರೆ ಎಂದು ಅವನೇ ಹೇಳುತ್ತಾನೆ. ಪಿಟ್ ಲೇನ್ ಅವರು ಮೆಚ್ಚುವ ‘ಖಾಲಿ’ 2008ರಲ್ಲಿ ಹುಟ್ಟಿದ್ದಲ್ಲ, ಹಳೆಯ ಚಿತ್ರದ ವ್ಯಂಗ್ಯದಿಂದ ಬಂದದ್ದು. ಸುಟ್ಟ ಮುಖದ, ದುರಂತದ ಹಿನ್ನೆಲೆಯ ನಾಯಕನನ್ನು ಒಳಗೆ ಇಟ್ಟದ್ದರಿಂದ ಪ್ರೀಕ್ವೆಲ್ ಆ ವ್ಯಂಗ್ಯವನ್ನು ಮೊಂಡು ಮಾಡಿತು ಎಂಬುದರಲ್ಲಿ ನಾನು ಅವರ ಕಡೆ. ವಿಮರ್ಶಕ ರೋಜರ್ ಈಬರ್ಟ್ 1975ರ ಚಿತ್ರಕ್ಕೆ ಒಂದು ನಕ್ಷತ್ರವನ್ನೂ ಕೊಡಲಿಲ್ಲ, 2008ರದಕ್ಕೆ ಅರ್ಧ ಕೊಟ್ಟರು. ಅವರ ಲೆಕ್ಕದಲ್ಲಿ ಮೂವತ್ತಮೂರು ವರ್ಷಗಳ ಪ್ರಗತಿ ಅರ್ಧ ನಕ್ಷತ್ರ!

ನೆರಳು ಬೆಳಕು

ಸೆಪ್ಟೆಂಬರ್ ಜೋನ್ಸ್ ಮತ್ತು ಹೆನೆಸ್ಸಿಯ ಹೋಲಿಕೆಯನ್ನು ಯಾರಾದರೂ ಎತ್ತುತ್ತಾರೆಂದು ಕಾಯುತ್ತಿದ್ದೆ. ಮೂಲಚಿತ್ರದಲ್ಲಿ ಹೆನೆಸ್ಸಿಯಾಗಿ ಜೋನ್ ಆಲೆನ್ ದನಿ ಏರಿಸುವುದೇ ಅಪರೂಪ. ಇಸ್ತ್ರಿ ಮಾಡಿದ ಸೂಟ್, ಬಿಗಿಯಾಗಿ ಕಟ್ಟಿದ ಕೂದಲು, ಗಾಜಿನ ಕೋಣೆಯಲ್ಲಿ ನಿಂತು ಪರದೆಗಳ ಮೇಲೆ ಏರುವ ವೀಕ್ಷಕರ ಸಂಖ್ಯೆಯನ್ನು ನೋಡುವ ರೀತಿ. ಸಾವನ್ನು ಕಡತದಂತೆ ನಿರ್ವಹಿಸುವ ಅಧಿಕಾರಿ ಆಕೆ. ಮೂರು ಬಾರಿ ಆಸ್ಕರ್‌ಗೆ ನಾಮನಿರ್ದೇಶನಗೊಂಡ ನಟಿಯನ್ನು ಇಂಥ ಪಾತ್ರಕ್ಕೆ ತಂದದ್ದು ಆ ಬಜೆಟ್‌ನ ಅತ್ಯುತ್ತಮ ವೆಚ್ಚ ಎಂದೇ ನನ್ನ ಅಭಿಪ್ರಾಯ. ಲಾರೆನ್ ಕೊಹನ್ ಅವರ ಸೆಪ್ಟೆಂಬರ್ ಇದಕ್ಕೆ ವಿರುದ್ಧ. ಆಕೆ ಸ್ವತಃ ಕ್ಯಾಮೆರಾ ಮುಂದೆ ನಿಂತು ಕಾರ್ಯಕ್ರಮ ಮಾರುವವಳು, ಮಾಜಿ ಸೌಂದರ್ಯ ಸ್ಪರ್ಧಿ, ಹಗರಣವೊಂದರಲ್ಲಿ ಕಿರೀಟ ಕಳೆದುಕೊಂಡವಳು. ಅವಮಾನವೂ ಮಾರಾಟದ ಸರಕು ಎಂಬುದನ್ನು ತನ್ನ ಮೈಮೇಲೆಯೇ ಕಲಿತವಳು ಕೈದಿಗಳನ್ನು ಹಾಗೆ ಮಾರುತ್ತಾಳೆ ಎಂಬ ಎಳೆಯನ್ನು ಹಿಡಿದಿದ್ದರೆ ಪ್ರೀಕ್ವೆಲ್ ಮೂಲವನ್ನು ಮೀರಬಹುದಿತ್ತು. ಚಿತ್ರಕ್ಕೆ ಆ ಎಳೆ ಕಂಡಿದೆ, ಆದರೆ ಹಿಡಿಯುವ ತಾಳ್ಮೆ ಇಲ್ಲ. ಅರ್ಧಕ್ಕೇ ಬಿಟ್ಟು ಆಕೆಯನ್ನು ಮಾಮೂಲಿ ಖಳನಾಯಕಿ ಮಾಡಿಬಿಡುತ್ತದೆ.

ಚಾಲಕರ ಪಕ್ಕದಲ್ಲಿ ಕೂರುವ ಮಹಿಳಾ ಕೈದಿಗಳನ್ನು ಬಸ್ಸಿನಿಂದ ಇಳಿಸುವ ದೃಶ್ಯಗಳ ಬಗ್ಗೆ ಹೆಚ್ಚು ಹೇಳಲಾರೆ. ವೀಕ್ಷಕರ ಸಂಖ್ಯೆ ಹೆಚ್ಚಿಸಲು ಕಂಪನಿ ಹೀಗೆ ಮಾಡುತ್ತದೆ ಎಂದು ಟೀಕಿಸುವ ನೆಪದಲ್ಲಿ ಎರಡು ಚಿತ್ರಗಳೂ ಅದನ್ನೇ ಮಾಡುತ್ತವೆ. ಕೇಸ್‌ಗೆ ಕನಿಷ್ಠ ಒಂದು ಗುಟ್ಟಿದೆ: ಬಿಡುಗಡೆಯ ಕಾಗದಕ್ಕಾಗಿ ಫ್ರಾಂಕೆನ್‌ಸ್ಟೈನ್‌ನ ಸಾಧನಗಳನ್ನು ಕೆಡಿಸಿದವಳು ಅವಳೇ. ಕಟ್ರಿನಾಗೆ ಅಷ್ಟೂ ಇಲ್ಲ.

ಪಿಟ್ ಲೇನ್

ಹಳೆ ರೀಲು ಅವರು ನನ್ನ ಕಡೆ ನಿಂತದ್ದಕ್ಕೆ ಧನ್ಯವಾದ, ಆದರೆ ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ರೈನೆ ಮತ್ತು ಗಾಸ್ ಜೋಡಿಯೇ 2013ರಲ್ಲಿ ‘ಡೆತ್ ರೇಸ್: ಇನ್ಫರ್ನೊ’ ಮಾಡಿದಾಗ ಓಟವನ್ನು ಕಲಹಾರಿ ಮರುಭೂಮಿಗೆ ಒಯ್ದಿತು. ಜೈಲಿನ ಗೋಡೆ ಕಟ್ಟುವ ಖರ್ಚಿಲ್ಲ, ಉದ್ದದ ಹಾದಿ ಪುಕ್ಕಟೆ. ಸಂಕಲನ ಕೊಠಡಿಯವರು ಹೇಳಿದ ಕೊರತೆಗೆ ಅದು ಜಾಣ ಪರಿಹಾರ. ಅದಕ್ಕಿಂತ ಮುಖ್ಯವಾಗಿ, ಆ ಚಿತ್ರದ ಕೊನೆಯಲ್ಲಿ ಮುಖವಾಡ ಲೂಕಾಸ್‌ನಿಂದ ಕಳಚಿ ಇನ್ನೊಬ್ಬನ ಪಾಲಾಗುತ್ತದೆ. 2008ರ ಆರಂಭದಲ್ಲಿ ಸಾಯುವ ಫ್ರಾಂಕೆನ್‌ಸ್ಟೈನ್ ಯಾರು ಎಂಬುದು ಮತ್ತೆ ತೆರೆದ ಪ್ರಶ್ನೆಯಾಗುತ್ತದೆ. ಪ್ರೀಕ್ವೆಲ್ ತುಂಬಿಸಿದ ಖಾಲಿಯನ್ನು ಅದರ ಮುಂದಿನ ಭಾಗ ಹೀಗೆ ಮರಳಿ ತೋಡಿಕೊಟ್ಟಿತು. ಎರಡನೆಯ ಚಿತ್ರದ ಮೇಲಿನ ನನ್ನ ಆಕ್ಷೇಪ ಅದರಿಂದ ಮಾಯವಾಗುವುದಿಲ್ಲ, ಒಂದು ಚಿತ್ರದ ದೋಷಕ್ಕೆ ಇನ್ನೊಂದು ಚಿತ್ರ ಜಾಮೀನು ನಿಲ್ಲಬಾರದು.

ಹಿಂದಿನ ಬೆಂಚು

ನೆರಳು ಬೆಳಕು ಅವರು ಹೇಳಿದ ಸೆಪ್ಟೆಂಬರ್ ಪಾತ್ರವೇ ನಾನು ಹುಡುಕುತ್ತಿದ್ದ ‘ಮುಖವಾಡ ಮಾಡಿಸಿದವರ ಕಥೆ’ ಎಂಬುದು ಈಗ ಇನ್ನೂ ಸ್ಪಷ್ಟವಾಗಿದೆ. ಈ ವ್ಯಾಪಾರ ಬರೀ ಕಲ್ಪನೆಯಲ್ಲ ಎಂಬುದನ್ನೂ ನೆನೆಯಬೇಕು. ಅಮೆರಿಕದಲ್ಲಿ ಖಾಸಗಿ ಸೆರೆಮನೆ ಕಂಪನಿ 1983ರಲ್ಲಿಯೇ ಟೆನೆಸ್ಸಿಯಲ್ಲಿ ಆರಂಭವಾಗಿತ್ತು. ಪಂಜರದೊಳಗಿನ ಕಾಳಗವನ್ನು ಹಣ ತೆತ್ತವರ ಟಿವಿಗೆ ತಲುಪಿಸುವ ಪದ್ಧತಿ 1993ರಲ್ಲಿ ಡೆನ್ವರ್‌ನಲ್ಲಿ ನಡೆದ ಮೊದಲ ಯುಎಫ್‌ಸಿ ಸ್ಪರ್ಧೆಯೊಂದಿಗೇ ಬಂದಿತ್ತು. ಪ್ರೀಕ್ವೆಲ್ ಮಾಡಿದ್ದು ಇವೆರಡನ್ನೂ ಒಂದೇ ಆವರಣದೊಳಗೆ ತಂದು ಕೂಡಿಸಿದ್ದು. ಅರ್ಥವ್ಯವಸ್ಥೆ ಕುಸಿದ ಅಮೆರಿಕವನ್ನು ಕಲ್ಪಿಸಿದ ಮೂಲಚಿತ್ರ 2008ರ ಆಗಸ್ಟ್ 22ರಂದು ತೆರೆಕಂಡಿತು. ಅಮೆರಿಕದ ದೊಡ್ಡ ಹೂಡಿಕೆ ಬ್ಯಾಂಕ್ ಲೀಮನ್ ಬ್ರದರ್ಸ್ ದಿವಾಳಿಯಾದದ್ದು ಅದೇ ವರ್ಷದ ಸೆಪ್ಟೆಂಬರ್ 15ರಂದು. ಮೂಲಚಿತ್ರಕ್ಕೆ ಕುಸಿತ ಮುಂದೆಂದೋ ಬರುವ ಊಹೆ, ಎರಡು ವರ್ಷಗಳ ನಂತರ ಬಂದ ಪ್ರೀಕ್ವೆಲ್‌ಗೆ ಅದು ಕಣ್ಣೆದುರಿನ ಸುದ್ದಿ. ಅದರ ಪೂರ್ವಾರ್ಧದಲ್ಲಿ ಹಣದ ಮಾತು ಅಷ್ಟು ಸಹಜವಾಗಿ ಕೇಳಿಸುವುದಕ್ಕೆ ಇದೂ ಒಂದು ಕಾರಣವಿರಬಹುದು.

ಪಿಟ್ ಲೇನ್ ಅವರ ಜಾಮೀನಿನ ಮಾತನ್ನು ಒಪ್ಪಿದ್ದೇನೆ. ಆದರೂ ಮೊದಲ ಬಾರಿಗೆ ನೋಡುವವರಿಗೆ ನಾನು ಹೇಳುವ ಕ್ರಮ ಬಿಡುಗಡೆಯ ಕ್ರಮವೇ: 2008ರದು ಮೊದಲು, ಆಮೇಲೆ ಇದು, ಆಮೇಲೆ ಮರುಭೂಮಿಯದು. ಮುಖವಿಲ್ಲದ ಚಾಲಕನನ್ನು ಮೊದಲು ಕಂಡವರಿಗೆ ಮಾತ್ರ ಅಖಾಡದ ಆ ಫಲಕಗಳ ಮೇಲೆ ಪಾದ ಬಿದ್ದಾಗ ಏನು ಶುರುವಾಗುತ್ತಿದೆ ಎಂದು ಗೊತ್ತಾಗುತ್ತದೆ. ಇನ್ನು ಮೂರನೆಯ ಭಾಗಕ್ಕೆ ಬೇರೆ ಚರ್ಚೆ ತೆರೆಯುವುದಾದರೆ ಸಂಕಲನ ಕೊಠಡಿಯವರೇ ತೆರೆಯಲಿ, ಮರಳಿನಲ್ಲಿ ಕಾರು ಓಡಿಸಿದ ಶಾಟ್‌ಗಳ ಬಗ್ಗೆ ಅವರು ಬರೆಯುವುದನ್ನು ಓದುವ ಆಸೆಯಿದೆ.